ಗ್ಡಾನ್ಸ್ಕ್ ಮುಷ್ಕರದ ಮಹಿಳೆಯರನ್ನು ಮರೆಯಬಾರದು

ಮಾನ್ಯ ಸಂಪಾದಕರೇ,

ಪೋಲೆಂಡಿನ ಗ್ಡಾನ್ಸ್ಕ್ ನಗರದ ಹಡಗು ನಿರ್ಮಾಣ ಕಾರ್ಖಾನೆಯಲ್ಲಿ ಹುಟ್ಟಿದ ‘ಸಾಲಿಡಾರಿಟಿ’ ಕಾರ್ಮಿಕ ಸಂಘದ ಚರಿತ್ರೆಯನ್ನು ಸಂಘದ ನಾಯಕ ಲೆಕ್ ವಲೇಸಾ ಅವರೊಬ್ಬರ ಹೆಸರಿನಲ್ಲೇ ಮುಗಿಸಿಬಿಡುವುದು ನ್ಯಾಯವಲ್ಲ. 1980ರ ಆಗಸ್ಟ್ 14ರಂದು ಅಲ್ಲಿ ಮುಷ್ಕರ ಆರಂಭವಾದದ್ದೇ, ನಿವೃತ್ತಿಗೆ ಐದು ತಿಂಗಳಷ್ಟೇ ಉಳಿದಿದ್ದಾಗ ವಜಾಗೊಂಡ ಕ್ರೇನ್ ಚಾಲಕಿ ಅನ್ನಾ ವಲೆಂಟಿನೋವಿಚ್ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಬೇಡಿಕೆಯಿಂದ. ಎರಡೇ ದಿನಗಳಲ್ಲಿ ಆಡಳಿತ ವರ್ಗ ಸಂಬಳ ಹೆಚ್ಚಳಕ್ಕೆ ಒಪ್ಪಿ, ವಲೇಸಾ ಅವರೂ ಮುಷ್ಕರ ಮುಗಿಯಿತೆಂದು ಘೋಷಿಸಿದಾಗ, ಬೆಂಬಲಕ್ಕೆ ನಿಂತ ಇತರ ಕಾರ್ಖಾನೆಗಳವರನ್ನು ನಡುನೀರಿನಲ್ಲಿ ಕೈಬಿಡಬಾರದೆಂದು ಮನೆಗೆ ಹೊರಟವರನ್ನು ತಡೆದವರಲ್ಲಿ ಅನ್ನಾ, ನರ್ಸ್ ಅಲೀನಾ ಪಿಯೆಂಕೋವ್ಸ್ಕಾ ಮತ್ತು ಟ್ರಾಮ್ ಚಾಲಕಿ ಹೆನ್ರಿಕಾ ಕ್ಷಿವೋನೋಸ್ ಮುಂಚೂಣಿಯಲ್ಲಿದ್ದರು. ಅವರ ಆ ಹಟವಿಲ್ಲದಿದ್ದರೆ, ಸ್ವತಂತ್ರ ಸಂಘ ಕಟ್ಟುವ ಹಕ್ಕನ್ನು ಮಾನ್ಯ ಮಾಡಿದ ಆಗಸ್ಟ್ 31ರ ಒಪ್ಪಂದ ಆಗುತ್ತಿರಲಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಮುಂದೆ ಈ ವಿಷಯದ ಲೇಖನ ಪ್ರಕಟಿಸುವಾಗ ಈ ಮೂವರನ್ನೂ ಹೆಸರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ, ಮಂಗಳೂರು