ಫೋರ್ಟಿನ ಹೋಟೆಲಿಗೆ ಬೇಕಿದ್ದದ್ದು ಸಾಲವಲ್ಲ

ಮಾನ್ಯ ಸಂಪಾದಕರೇ,

ಕೋವಿಡ್ ನಿರ್ಬಂಧಗಳು ಮುಂಬಯಿಯ ಕಚೇರಿ ಪ್ರದೇಶಗಳಾದ ಫೋರ್ಟ್, ಚರ್ಚ್‌ಗೇಟ್, ಬಲ್ಲಾರ್ಡ್ ಎಸ್ಟೇಟ್ ಕಡೆಯ ನಮ್ಮ ಉಡುಪಿ ಹೋಟೆಲುಗಳಿಗೆ ಕೊಟ್ಟ ಪೆಟ್ಟೇ ಬೇರೆ. ಉಪನಗರದ ಹೋಟೆಲಿಗೆ ಸುತ್ತಲಿನ ಮನೆಗಳಿಂದ ಪಾರ್ಸೆಲ್ ಗಿರಾಕಿಗಳಾದರೂ ಇದ್ದರು. ಇಲ್ಲಿ ಗಿರಾಕಿ ಬರಬೇಕಾದರೆ ಲೋಕಲ್ ರೈಲು ಓಡಬೇಕು.

2020ರ ಅಕ್ಟೋಬರ್ 5ರಿಂದ ಅರ್ಧದಷ್ಟು ಆಸನಗಳೊಂದಿಗೆ ಹೋಟೆಲ್ ತೆರೆಯಲು ರಾಜ್ಯ ಸರಕಾರ ಒಪ್ಪಿತು. ಎಲ್ಲ ಪ್ರಯಾಣಿಕರಿಗೂ ಲೋಕಲ್ ಹತ್ತಲು ಅವಕಾಶ ಸಿಕ್ಕಿದ್ದು 2021ರ ಫೆಬ್ರವರಿ 1ಕ್ಕೆ. ಅದೂ ಬೆಳಗ್ಗೆ 7ರೊಳಗೆ, ಮಧ್ಯಾಹ್ನ 12ರಿಂದ 4, ಮತ್ತೆ ರಾತ್ರಿ 9ರ ನಂತರ. ಇಡ್ಲಿ-ವಡೆ ಖರ್ಚಾಗುವುದು 8ರಿಂದ 11ರ ನಡುವೆ, ಸಂಜೆಯ ದೋಸೆ-ಚಾ 4ರ ಮೇಲೆ. ಆ ಎರಡು ಹೊತ್ತಿಗೇ ರೈಲಿನ ಬಾಗಿಲು ಮುಚ್ಚಿತ್ತು. ಹಿಟ್ಟು ರುಬ್ಬುವವರು, ಭಟ್ಟರು, ಬಾಡಿಗೆ, ಕರೆಂಟಿನ ಸ್ಥಿರ ಶುಲ್ಕ ಮಾತ್ರ ಹತ್ತು ಗಿರಾಕಿಗೂ ನೂರು ಗಿರಾಕಿಗೂ ಒಂದೇ. ಏಪ್ರಿಲ್‌ನಲ್ಲಿ ಮತ್ತೆ ಬರೇ ಪಾರ್ಸೆಲ್.

ಈ ನಷ್ಟಕ್ಕೆ ಕೇಂದ್ರ ಕೊಟ್ಟ ಮುಖ್ಯ ಮದ್ದು ತುರ್ತು ಸಾಲ ಖಾತರಿ ಯೋಜನೆ, ಇಸಿಎಲ್‌ಜಿಎಸ್. 2020ರ ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಬಾಕಿಯಿದ್ದ ಸಾಲದ ಶೇ. 20ರಷ್ಟು ಹೆಚ್ಚುವರಿ ಸಾಲ. 2021ರ ಮಾರ್ಚ್‌ನಲ್ಲಿ ಹೋಟೆಲ್ ಉದ್ಯಮಕ್ಕೆ ಅದು ಶೇ. 40 ಆಯಿತು. 5 ಲಕ್ಷ ಓವರ್‌ಡ್ರಾಫ್ಟ್ ಇದ್ದವರಿಗೆ 2 ಲಕ್ಷ. ಸಾಲವನ್ನೇ ಮಾಡದೆ ಕೈಗಂಟಿನಲ್ಲಿ, ಚೀಟಿ ಹಣದಲ್ಲಿ ಹೋಟೆಲ್ ನಡೆಸಿದವರಿಗೆ ಸೊನ್ನೆ. ಸರಕಾರದ ಶೇ. 100 ಖಾತರಿ ಕಾದದ್ದು ಬ್ಯಾಂಕಿನ ಹಣವನ್ನು.

ಸಾಲ ಸಿಕ್ಕವರ ಲೆಕ್ಕವನ್ನೂ ನೋಡಿ. 10 ಲಕ್ಷಕ್ಕೆ ಶೇ. 9.25 ಬಡ್ಡಿ, ಒಟ್ಟು ಆರು ವರ್ಷ. ಮೊದಲ ಎರಡು ವರ್ಷ ಅಸಲಿಗೆ ಮಾತ್ರ ರಿಯಾಯಿತಿ, ಬಡ್ಡಿ ತಿಂಗಳಿಗೆ ಸುಮಾರು 7,700 ರೂ. ಕಟ್ಟಲೇಬೇಕು. ಆಮೇಲೆ 48 ತಿಂಗಳು ಸುಮಾರು 25,000 ರೂ. ಕಂತು. ಬಡ್ಡಿಯೇ 3.85 ಲಕ್ಷ ದಾಟುತ್ತದೆ. 2021ರ ನಡುವಿನಲ್ಲಿ ತೆಗೆದ ಸಾಲ ತೀರುವುದು 2027ಕ್ಕೆ. ಮುಚ್ಚಿದ ದಿನಗಳ ಬಾಡಿಗೆಯನ್ನು ತೆರೆದ ದಿನಗಳ ಗಲ್ಲಾದಿಂದ ಬಡ್ಡಿ ಸಮೇತ ಕಟ್ಟಿಸಿದಂತಾಯಿತು.

ಇನ್ನೊಂದು ತೊಡಕು ಮುಂಬಯಿಯದೇ: ಕಂಡಕ್ಟಿಂಗ್. ಜಾಗ ಪಗಡಿಯದು (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಪಡೆದ ಹಳೆಯ ಹಕ್ಕು), ಪರವಾನಗಿ ಮೂಲ ಮಾಲೀಕರ ಹೆಸರಿನಲ್ಲಿ. ದೊಡ್ಡ ಡಿಪಾಸಿಟ್ ಇಟ್ಟು ತಿಂಗಳ ಮೊತ್ತ ಕೊಟ್ಟು ಹೋಟೆಲ್ ನಡೆಸುವವರು ಬೇರೆ. ನಷ್ಟ ಇವರದು, ಕಾಗದ ಅವರದು. ಕಾಗದ ನೋಡಿ ಕೊಡುವ ಯಾವ ನೆರವೂ ಇವರನ್ನು ಮುಟ್ಟುವುದಿಲ್ಲ. ಜೊತೆಗೆ ಶೇ. 5 ಜಿಎಸ್‌ಟಿಯ ಹೋಟೆಲುಗಳಿಗೆ 2017ರ ನವೆಂಬರ್‌ನಿಂದ ಇನ್‌ಪುಟ್ ಕ್ರೆಡಿಟ್, ಅಂದರೆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಸೌಲಭ್ಯ, ಇಲ್ಲ. ಬಾಡಿಗೆಯ ಮೇಲಿನ ಶೇ. 18 ಪೂರ್ತಿ ಕೈಯಿಂದಲೇ ಹೋಗುತ್ತದೆ. ಗಿರಾಕಿಯಿಲ್ಲದ ತಿಂಗಳಲ್ಲಿ ಇದು ಬಹಳ ನೋಯಿಸಿದ ಖರ್ಚು.

ಬೇಕಿದ್ದದ್ದು ಮರಳಿಸಬೇಕಿಲ್ಲದ ನೇರ ಅನುದಾನ. ಬ್ರಿಟನ್ 2020ರಲ್ಲಿ ಅಂಗಡಿ-ಹೋಟೆಲುಗಳಿಗೆ ಅದನ್ನು ಕೊಟ್ಟಿತು: ತೆರಿಗೆಗೆಂದು ಲೆಕ್ಕಹಾಕಿದ ಜಾಗದ ಮೌಲ್ಯ 15,000 ಪೌಂಡಿನವರೆಗಿದ್ದರೆ 10,000 ಪೌಂಡ್, ಅದಕ್ಕೆ ಮೇಲ್ಪಟ್ಟು 51,000ದೊಳಗಿದ್ದರೆ 25,000. ಹಂಚಿದ್ದು ಸ್ಥಳೀಯ ಆಡಳಿತ, ತನ್ನಲ್ಲಿದ್ದ ತೆರಿಗೆ ಪಟ್ಟಿ ಹಿಡಿದು. ಅಲ್ಲಿ ಆ ತೆರಿಗೆ ಕಟ್ಟುವುದು ಜಾಗದಲ್ಲಿ ವ್ಯಾಪಾರ ಮಾಡುವವರು, ಹಾಗಾಗಿ ಹಣ ಸರಿಯಾದ ಕೈಗೆ ಬಿತ್ತು. ನಮ್ಮಲ್ಲಿ ಆಸ್ತಿ ತೆರಿಗೆಯ ಬಿಲ್ಲು ಕಟ್ಟಡದ ಮಾಲೀಕರಿಗೆ ಹೋಗುತ್ತದೆ. ಅದೇ ಪಟ್ಟಿ ಹಿಡಿದರೆ ನೆರವೂ ಅಲ್ಲಿಗೇ ಹೋದೀತು. ಇಲ್ಲಿ ಹಿಡಿಯಬೇಕಾದ ಪಟ್ಟಿ ಪಾಲಿಕೆಯ ಆರೋಗ್ಯ ಪರವಾನಗಿಯದು, ನಡೆಸುವವರ ಹೆಸರು ಸೇರಿಸಿಕೊಂಡು.

ಇಂಥ ನೆರವಿಗೆ ಸರಕಾರದ ಬಳಿ ಹಣವಿಲ್ಲವೆಂಬ ಮಾತನ್ನು ಒಪ್ಪುವುದು ಕಷ್ಟ. 2021ರ ಜನವರಿಯಲ್ಲಿ ಇದೇ ರಾಜ್ಯ ಬಿಲ್ಡರುಗಳು ಕಟ್ಟಡದ ಅನುಮತಿಗೆ ಕಟ್ಟುವ ಪ್ರೀಮಿಯಂ ಶುಲ್ಕವನ್ನು ಅರ್ಧಕ್ಕೆ ಇಳಿಸಿ, ಡಿಸೆಂಬರ್ 31ರವರೆಗೆ ಆ ರಿಯಾಯಿತಿ ಕೊಟ್ಟಿತು. 500 ಚದರ ಅಡಿಯೊಳಗಿನ ಮನೆಗಳ ಆಸ್ತಿ ತೆರಿಗೆ 2022ರಿಂದ ಮನ್ನಾ ಆಯಿತು, ಅಷ್ಟೇ ಅಳತೆಯ ಅಂಗಡಿಗೆ ಅದು ಅನ್ವಯಿಸಲಿಲ್ಲ. ಮುಚ್ಚಿಸಿದಷ್ಟು ದಿನಗಳ ಪರವಾನಗಿ ಶುಲ್ಕವನ್ನೂ ವಿದ್ಯುತ್ತಿನ ಸ್ಥಿರ ಶುಲ್ಕವನ್ನೂ ಮನ್ನಾ ಮಾಡುವ ನಿಯಮ ಈಗಲೇ ಬರಲಿ. 2020ರಲ್ಲಿ ಸ್ಥಿರ ಶುಲ್ಕವನ್ನು ಮೂರು ಬಿಲ್ಲುಗಳ ಮಟ್ಟಿಗೆ ಮುಂದೂಡಿದರು, ಬಿಟ್ಟುಕೊಡಲಿಲ್ಲ.

ಕಂಡಕ್ಟಿಂಗ್‌ನಲ್ಲಿ ಹೋಟೆಲ್ ನಡೆಸುವ ಬಂಧುಗಳು ಕಾಯುವುದು ಬೇಡ. ಒಪ್ಪಂದವನ್ನು ನೋಂದಾಯಿಸಿ, ಸರಕಾರಿ ಆದೇಶದಿಂದ ಮುಚ್ಚಿದ ದಿನಗಳ ಮೊತ್ತ ಎಷ್ಟು ಇಳಿಯಬೇಕೆಂದು ಅದರಲ್ಲೇ ಬರೆಸಿ. ನಿಮ್ಮದೇ ಪ್ಯಾನ್ ಮೇಲೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ನೋಂದಣಿ) ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಸಂಬಳ ಬ್ಯಾಂಕಿನ ಮೂಲಕ ಕೊಡಿ, ಇಲ್ಲವಾದರೆ ಎಷ್ಟು ಜನರನ್ನು ಸಾಕಿದಿರೆಂದು ತೋರಿಸಲು ಪುರಾವೆಯಿರುವುದಿಲ್ಲ. ಪಾಲಿಕೆಯೂ ಪರವಾನಗಿ ನವೀಕರಣದ ಅರ್ಜಿಯಲ್ಲಿ ನಡೆಸುವವರ ಹೆಸರು ಮತ್ತು ಪ್ಯಾನ್ ಬರೆಯುವುದನ್ನು ಕಡ್ಡಾಯ ಮಾಡಲಿ.

– ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲವು ಓದುಗರು, ಫೋರ್ಟ್, ಮುಂಬಯಿ