ತಿದ್ದಿ ತೋರಿಸದ ಪುಸ್ತಕ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ಕಥೆ ಬರೆಯುವುದನ್ನು ಕಲಿಸುವ ಆ ಪುಸ್ತಕ ಓದಿದ ಮೇಲೆ ಪೆನ್ನು ಹಿಡಿಯುವ ಧೈರ್ಯವೇ ಹೋಯಿತು ಎಂದಿದ್ದೀರಿ. ನಾನೂ ತರಿಸಿ ಕೊನೆಯವರೆಗೆ ಓದಿದೆ. ನಿಮ್ಮ ಧೈರ್ಯ ಕಸಿಯುವಂಥದ್ದು ಅದರಲ್ಲಿ ಏನೂ ಇಲ್ಲ. ದಿನವೂ ಬರೆಯಿರಿ, ವಿಶೇಷಣ ಕಡಿಮೆ ಮಾಡಿ, ಚಿಕ್ಕ ವಾಕ್ಯ ಬರೆಯಿರಿ, ಹೇಳಬೇಡಿ ತೋರಿಸಿ: ಇವೇ ನಾಲ್ಕು ಮಾತುಗಳು ಅಧ್ಯಾಯಕ್ಕೊಂದು ವೇಷ ತೊಟ್ಟು ಬರುತ್ತವೆ. ನನಗೆ ನಿರಾಸೆಯಾದದ್ದು ಬೇರೆ ಕಾರಣಕ್ಕೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ವಾಕ್ಯವನ್ನಾದರೂ ಎತ್ತಿಕೊಂಡು, ಅದು ಎಲ್ಲಿ ಕೆಟ್ಟಿದೆ ಎಂದು ಹೇಳಿ ತಿದ್ದಿ ತೋರಿಸಿಲ್ಲ.

9ನೇ ಶತಮಾನದ ಕವಿರಾಜಮಾರ್ಗವನ್ನು ನೋಡಿ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ ಬರೆಯುವವರಿಗೆ ದಾರಿ ತೋರಿಸುವ ಗ್ರಂಥವೇ ಆಗಿದೆ. ಅಲ್ಲಿ ದೋಷವಿರುವ ಪದ್ಯವನ್ನು ಮುಂದಿಟ್ಟು, ಆಮೇಲೆ ಅದನ್ನೇ ತಿದ್ದಿ ಇಡುವುದುಂಟು. ಎರಡನ್ನೂ ಜೊತೆಗಿಟ್ಟು ಓದಿದರೆ ಕಿವಿ ತಾನಾಗಿ ಕಲಿಯುತ್ತದೆ.

ಚಿಕ್ಕ ವಾಕ್ಯದ ಉಪದೇಶ ನಿಮ್ಮ ಹೊಸ ಕರಡಿಗೆ ಮಾಡಿದ ಹಾನಿ ನೋಡಿ: "ಅವನು ಬಾಗಿಲು ತೆರೆದನು. ಅವನು ಒಳಗೆ ನೋಡಿದನು. ಅವನು ಎರಡು ಹೆಜ್ಜೆ ಹಿಂದೆ ಸರಿದನು." ಇಂಗ್ಲಿಷಿನಲ್ಲಿ ಕರ್ತೃಪದವಿಲ್ಲದೆ ವಾಕ್ಯ ನಿಲ್ಲುವುದು ಕಷ್ಟ. ಕನ್ನಡದಲ್ಲಿ ಆ ಹೊರೆಯನ್ನು ಕ್ರಿಯಾಪದವೇ ಹೊರುತ್ತದೆ. "ಬಾಗಿಲು ತೆರೆದು ಒಳಗೆ ನೋಡಿದವನು ಎರಡು ಹೆಜ್ಜೆ ಹಿಂದೆ ಸರಿದ" ಎಂದು ಬರೆದರೆ, ಒಂದು ಕ್ರಿಯೆ ಮುಗಿಯುವ ಮೊದಲೇ ಓದುಗನನ್ನು ಮುಂದಿನದರ ಕೈಗೆ ಒಪ್ಪಿಸುತ್ತದೆ. ಅವನು ನಿಲ್ಲುವುದು ಬೆಚ್ಚಿದ ಜಾಗದಲ್ಲಿ ಮಾತ್ರ. ನಿಮ್ಮ ಸಾಲುಗಳಲ್ಲಿ ಓದುಗ ಮೂರು ಸಲ ನಿಂತು ಹೊರಡಬೇಕು. ಬೆಚ್ಚುವ ಹೊತ್ತಿಗೆ ಆ ದಿಗಿಲು ಆರಿಹೋಗಿರುತ್ತದೆ.

ಕರ್ಮಣಿ ಪ್ರಯೋಗ ಬೇಡ ಎಂಬ ಅಧ್ಯಾಯವನ್ನು ಮರೆತುಬಿಡಿ. "ಕಟ್ಟಲ್ಪಟ್ಟಿತು" ಎಂದು ಮಾತಿನಲ್ಲಿ ಯಾರೂ ಹೇಳುವುದಿಲ್ಲ, ನೀವೂ ಎಲ್ಲಿಯೂ ಬರೆದಿಲ್ಲ.

"ಹೇಳಬೇಡಿ, ತೋರಿಸಿ" ಎಂಬುದರ ಬಗ್ಗೆ ಮಾತ್ರ ನಾನು ಸುಮ್ಮನಿರಲಾರೆ. ನಿಮ್ಮ ಮೊದಲ ಕರಡಿನಲ್ಲಿ ಒಂದು ವಾಕ್ಯವಿತ್ತು: "ಅದಾದ ಮೇಲೆ ಹತ್ತು ವರ್ಷ ಅಣ್ಣತಮ್ಮಂದಿರು ಮಾತನಾಡಲಿಲ್ಲ." ಓದಿದಾಗ ನನ್ನ ಎದೆ ಧಸಕ್ಕೆಂದಿತ್ತು. ಪುಸ್ತಕದ ಮಾತು ಕೇಳಿ ಅದನ್ನು ಅಳಿಸಿ, ಆ ಜಾಗದಲ್ಲಿ ನಾಲ್ಕು ಪುಟ ಜಗಳ ತುಂಬಿದ್ದೀರಿ. ಮಾತಿಲ್ಲದ ಹತ್ತು ವರ್ಷಗಳನ್ನು ದೃಶ್ಯ ಮಾಡಿ ತೋರಿಸುವುದು ಹೇಗೆ? ಅದನ್ನು ಹೇಳಲೇಬೇಕು, ಹೇಳಿ ಮುಂದೆ ಹೋಗಬೇಕು. ಕಾಲ ಸರಿದದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಕಥನಕ್ಕೆ ಇರುವ ದೊಡ್ಡ ಶಕ್ತಿ. ಅದನ್ನು ದೋಷವೆಂದು ಕಲಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ತೋರಿಸಬೇಕಾದದ್ದು ಆ ಇಬ್ಬರು ಮತ್ತೆ ಎದುರಾಗುವ ಗಳಿಗೆಯನ್ನು. ಮೊದಲು ಕಣ್ಣು ತಪ್ಪಿಸಿದವರು ಯಾರು? ಅಣ್ಣ ತಮ್ಮನನ್ನು ಹೆಸರು ಹಿಡಿದು ಕರೆದನೇ, ಅಥವಾ ಗಂಟಲು ಸರಿಮಾಡಿಕೊಂಡು ಸುಮ್ಮನಾದನೇ? ಕಥೆ ಇರುವುದೇ ಅಲ್ಲಿ. ನೀವು ಅದನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಆ ನಾಲ್ಕು ಪುಟಗಳನ್ನು ತೆಗೆದುಹಾಕಿ, ಹಳೆಯ ವಾಕ್ಯವನ್ನು ಅದರ ಜಾಗಕ್ಕೆ ಮರಳಿ ತನ್ನಿ. ಭೇಟಿಯ ಭಾಗವನ್ನು ಹೊಸದಾಗಿ ಬರೆದು, ಗಟ್ಟಿಯಾಗಿ ಒಮ್ಮೆ ಓದಿ. ನಾಲಿಗೆ ತಡವರಿಸಿದ ಕಡೆಯಲ್ಲೆಲ್ಲ ಗೆರೆ ಎಳೆದು ನನಗೆ ಕಳುಹಿಸಿ. ಒಂದೊಂದನ್ನೂ ಹೇಗೆ ತಿದ್ದಬಹುದೆಂದು ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಪ್ರೀತಿಯಿಂದ,
ನಿಮ್ಮವ