ಮಗಳಿಗೊಂದು ಪತ್ರ: ಐವತ್ತು ಸಾವಿರ ಎಲ್ಲಿ ಹೋಯಿತು?

ಪುಟ್ಟಿ,

ಮೊದಲ ಸಂಬಳದ ಮೆಸೇಜು ಬಂದ ಕೂಡಲೇ ಫೋನು ಮಾಡಿ ನೀನು ಕೇಳಿದ್ದು ಇಷ್ಟೇ: "ಅಮ್ಮಾ, ವರ್ಷಕ್ಕೆ ಆರು ಲಕ್ಷ ಅಂದಿದ್ರು. ತಿಂಗಳಿಗೆ ಐವತ್ತು ಸಾವಿರ ಆಗ್ಬೇಕಲ್ಲ? 37,100 ಬಂದಿದೆ." ಫೋನಿನಲ್ಲಿ ಹೇಳಿದರೆ ಲೆಕ್ಕ ತಲೆಗೆ ಹತ್ತುವುದಿಲ್ಲ. ಪೇ ಸ್ಲಿಪ್ಪನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದು.

ಯಾರೂ ಕದ್ದಿಲ್ಲ. ಆಫರ್ ಲೆಟರಿನ ಆರು ಲಕ್ಷ ನಿನ್ನ ಸಂಬಳವೇ ಅಲ್ಲ, ನಿನ್ನನ್ನು ಕೆಲಸಕ್ಕೆ ಇಟ್ಟುಕೊಂಡರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಸಿಟಿಸಿ ಅಂದರೆ ಅದು. ನಿನ್ನ ಬೇಸಿಕ್, ಅಂದರೆ ಮೂಲ ವೇತನ, 25,000. ಐವತ್ತು ಸಾವಿರದಿಂದ ಮೊದಲು 5,000 ತೆಗೆ, ಅದು ವೇರಿಯಬಲ್ ಪೇ. ಕಂಪನಿ ನಿನ್ನ ಹೆಸರಿಗೆ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ ಶೇ 12, ಅಂದರೆ 3,000. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ಶೇ 4.81, ಸುಮಾರು 1,200. ಗುಂಪು ವಿಮೆಗೆ 500. ಇಷ್ಟು ಹೋದರೆ ಉಳಿಯುವುದು 40,300. ಪೇ ಸ್ಲಿಪ್‌ನಲ್ಲಿ 'ಗ್ರಾಸ್' ಎಂದು ಕಾಣುವುದು ಇದೇ. ಇದರಿಂದ ನಿನ್ನ ಪಾಲಿನ ಪಿಎಫ್ ಇನ್ನೊಂದು 3,000, ವೃತ್ತಿ ತೆರಿಗೆ 200 ಕಳೆ. 37,100.

ಫೆಬ್ರವರಿಯಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಗಾಬರಿಯಾಗಬೇಡ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. ಆದಾಯ ತೆರಿಗೆಯ ಚಿಂತೆ ನಿನಗೆ ಸದ್ಯಕ್ಕಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಹಾಗಾಗಿ "ತೆರಿಗೆ ಉಳಿಸಿ" ಎಂದು ಪಾಲಿಸಿ ಮಾರಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸು. ಇಲ್ಲದ ತೆರಿಗೆಯನ್ನು ಉಳಿಸುವುದು ಹೇಗೆ?

ಈಗ ಆ ಬಾಬ್ತುಗಳನ್ನು ಒಂದೊಂದಾಗಿ ನೋಡು, ಎಲ್ಲವೂ ಒಂದೇ ಥರದವಲ್ಲ.

ವೇರಿಯಬಲ್ ಪೇ ಅಂದರೆ ಕೊಟ್ಟರೂ ಕೊಟ್ಟರು, ಬಿಟ್ಟರೂ ಬಿಟ್ಟರು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬರುತ್ತದೆ, ನಿನ್ನ ರೇಟಿಂಗು ಮತ್ತು ಕಂಪನಿಯ ಲಾಭ ಎರಡಕ್ಕೂ ತಳಕು ಹಾಕಿಕೊಂಡಿರುತ್ತದೆ. ಎಷ್ಟೋ ಕಡೆ ಹಣ ಕೊಡುವ ದಿನ ಕೆಲಸದಲ್ಲಿ ಇರಲೇಬೇಕು ಎಂಬ ಷರತ್ತಿರುತ್ತದೆ, ನೋಟಿಸ್ ಕೊಟ್ಟವರಿಗೂ ಸಿಗುವುದಿಲ್ಲ. ನಿನ್ನ ಪತ್ರದಲ್ಲಿ ಆ ಸಾಲು ಇದೆಯೇ ಹುಡುಕು. ಬಂದರೆ ಹಬ್ಬ, ಅದನ್ನು ನಂಬಿ ಯಾವ ಕಂತನ್ನೂ ಒಪ್ಪಿಕೊಳ್ಳಬೇಡ. ಗ್ರಾಚ್ಯುಟಿಯ ಕಥೆಯೂ ಹೆಚ್ಚುಕಡಿಮೆ ಹಾಗೇ. ವರ್ಷಕ್ಕೆ ಹದಿನೈದು ದಿನದ ಬೇಸಿಕ್, ತಿಂಗಳಿಗೆ 26 ದಿನ ಎಂದು ಹಿಡಿದದ್ದರಿಂದ ಆ 4.81 ಬಂತು. ನಿನ್ನಂಥ ಕಾಯಂ ನೌಕರರು ಐದು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಅದು ಕೈಗೆ ಬರುವುದಿಲ್ಲ. ನಿಮ್ಮ ವಯಸ್ಸಿನವರಲ್ಲಿ ಐದು ವರ್ಷ ಒಂದೇ ಕಡೆ ಇರುವವರು ಎಷ್ಟು ಜನ, ನೀನೇ ಹೇಳು.

ಪಿಎಫ್ ಹಾಗಲ್ಲ. ಕಣ್ಣಿಗೆ ಕಾಣದಿದ್ದರೂ ಅದು ನಿನ್ನದೇ ದುಡ್ಡು, ನಿನ್ನ ಮೂರು, ಕಂಪನಿಯ ಮೂರು ಸೇರಿ ವರ್ಷಕ್ಕೆ 72,000. 2024-25ಕ್ಕೆ ಅದರ ಬಡ್ಡಿ ಶೇ 8.25 ಇತ್ತು. ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ಒಂದು, ಹೆಸರು. ನಮ್ಮ ಕಡೆಯವರ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದನ್ನೇ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಹಾಕಿರುತ್ತಾರೆ, ಪ್ಯಾನ್‌ನಲ್ಲಿ ಮೂರನೆಯ ಥರ. ಯುಎಎನ್ (ನಿನ್ನ ಕಾಯಂ ಪಿಎಫ್ ಸಂಖ್ಯೆ) ಖಾತೆಯ ಹೆಸರು ಆಧಾರ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಮುಂದೆ ವರ್ಗಾವಣೆಯೂ ಆಗದು, ಹಣವೂ ಹೊರಡದು. ಈ ತಿಂಗಳೇ ನೋಡಿ ಸರಿಮಾಡಿಸು, ಕೆಲಸ ಬಿಟ್ಟ ಮೇಲೆ ಎಚ್‌ಆರ್ ಫೋನು ಎತ್ತುವುದಿಲ್ಲ. ಎರಡು, ಪಿಂಚಣಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಬೇಸಿಕ್ 15,000ಕ್ಕಿಂತ ಹೆಚ್ಚಿದ್ದರೆ ಅವರು ಪಿಎಫ್ ಜೊತೆಗಿರುವ ಇಪಿಎಸ್ ಪಿಂಚಣಿ ಯೋಜನೆಗೆ ಬರುವುದಿಲ್ಲ. ಕಂಪನಿಯ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಪಾಸ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ತಿಂಗಳಿಗೆ 1,250 ಕಾಣಿಸಿದರೆ ತಪ್ಪಾಗಿದೆ ಎಂದರ್ಥ. ಆಗಲೇ ಮೇಲ್ ಮಾಡು. ಇನ್ನು ಕೆಲಸ ಬದಲಿಸಿದಾಗ ಪಿಎಫ್ ಒಡೆಯಬೇಡ, ಅದೇ ಯುಎಎನ್‌ಗೆ ವರ್ಗಾಯಿಸು. ಐದು ವರ್ಷದ ಸೇವೆಗೆ ಮೊದಲು ತೆಗೆದರೆ ಅದು ಆದಾಯಕ್ಕೆ ಸೇರಿಕೊಳ್ಳುತ್ತದೆ.

ಇನ್ನು ಶಿಕ್ಷಣ ಸಾಲ. ನೀನು ಇನ್ನೂ "ಆರು ಲಕ್ಷದ ಸಾಲ" ಎನ್ನುತ್ತೀಯ. ಅದು ಆರು ಲಕ್ಷ ಅಲ್ಲ, ಪುಟ್ಟಿ. ವರ್ಷದ ಆರಂಭದಲ್ಲಿ ಒಂದೂವರೆ ಲಕ್ಷದಂತೆ ನಾಲ್ಕು ಸಲ ಬಿಡುಗಡೆಯಾಯಿತು. ಓದು ಮುಗಿದು ಆರು ತಿಂಗಳವರೆಗೆ ಕಂತು ಕಟ್ಟಬೇಕಿರಲಿಲ್ಲ, ಆದರೆ ಬಡ್ಡಿ ಸುಮ್ಮನೆ ಕೂತಿರಲಿಲ್ಲ. ಶೇ 10.5ರಂತೆ ಒಂದೂವರೆ ಲಕ್ಷಕ್ಕೆ ವರ್ಷದ ಸರಳ ಬಡ್ಡಿ 15,750. ಮೊದಲು ಬಿಡುಗಡೆಯಾದ ಹಣಕ್ಕೆ ನಾಲ್ಕೂವರೆ ವರ್ಷ, ಎರಡನೆಯದಕ್ಕೆ ಮೂರೂವರೆ, ಆಮೇಲೆ ಎರಡೂವರೆ, ಒಂದೂವರೆ: ಒಟ್ಟು ಹನ್ನೆರಡು ವರ್ಷದ ಬಡ್ಡಿ, 1,89,000. ಅದು ಅಸಲಿಗೆ ಸೇರಿ 7,89,000 ಆಯಿತು. ಏಳು ವರ್ಷದ ಅವಧಿಗೆ ಇಎಂಐ ಸುಮಾರು 13,300. ಬಡ್ಡಿ ಸೇರದೆ ಆರು ಲಕ್ಷವೇ ಇದ್ದಿದ್ದರೆ 10,100ರ ಆಸುಪಾಸು ಇರುತ್ತಿತ್ತು. ತಿಂಗಳಿಗೆ ಮೂರು ಸಾವಿರಕ್ಕೂ ಹೆಚ್ಚಿನ ಈ ವ್ಯತ್ಯಾಸವನ್ನು ಸಾಲ ಕೊಡುವಾಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಗದದಲ್ಲಿ ಮಾತ್ರ ಇರುತ್ತದೆ.

ಸಾಲ ಬದಲಾಗುವ ಬಡ್ಡಿ ದರದ್ದು, ಅವಧಿಗೆ ಮೊದಲೇ ಕಟ್ಟಿದರೆ ದಂಡವಿಲ್ಲ. ವೇರಿಯಬಲ್ ಪೇ ಬಂದರೆ ಅರ್ಧ ಇಲ್ಲಿಗೆ ಹಾಕು. ಹಾಕಿದ ದಿನವೇ ಬ್ಯಾಂಕಿಗೆ ಬರೆದು ತಿಳಿಸು: ಇಎಂಐ ಇಳಿಸಬೇಡಿ, ಅವಧಿ ಕಡಿಮೆ ಮಾಡಿ ಎಂದು. ಕಂತಿನ ತಾರೀಖು 5ಕ್ಕೆ ಇರಲಿ. ಸಂಬಳ ಒಂದು ದಿನ ತಡವಾದರೂ ಆಟೋ ಡೆಬಿಟ್ ಬೌನ್ಸ್ ಆಗಬಾರದು. ಬೌನ್ಸ್ ಆದರೆ ಸಂಬಳದ ಖಾತೆಯ ಬ್ಯಾಂಕೂ ಸಾಲ ಕೊಟ್ಟ ಬ್ಯಾಂಕೂ ದಂಡ ಹಾಕುವುದುಂಟು, ಸಿಬಿಲ್‌ನಲ್ಲೂ ಕಲೆ ಉಳಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ. ನಿನಗೆ ಹಾಸಿಗೆಯ ಅಳತೆಯನ್ನೇ ತಪ್ಪು ಹೇಳಿದ್ದರು. ನಿಜವಾದ ಅಳತೆ 37,100ರಲ್ಲಿ 13,300 ಹೋಗಿ 23,800. ಮನೆ, ಊಟ, ಓಡಾಟ, ಬಟ್ಟೆ, ಸ್ನೇಹಿತೆಯ ಮದುವೆಯ ಉಡುಗೊರೆ ಎಲ್ಲವೂ ಇದರಲ್ಲೇ ಆಗಬೇಕು.

ನೀನೂ ನಿನ್ನ ಗೆಳತಿಯೂ ನೋಡಿರುವ 26,000ದ ಮನೆಯ ವಿಷಯಕ್ಕೆ ಬರೋಣ. ನಿನ್ನ ಪಾಲು 13,000 ಎನ್ನುವುದು ಅರ್ಧ ಸತ್ಯ. ಅಡ್ವಾನ್ಸ್ ಆರು ತಿಂಗಳದ್ದು ಅಂದರೆ 1,56,000, ನಿನ್ನ ತಲೆಗೆ 78,000. ಎರಡು ತಿಂಗಳ ಪೂರ್ತಿ ಸಂಬಳಕ್ಕಿಂತ ಹೆಚ್ಚು, ಬಡ್ಡಿಯಿಲ್ಲದೆ ಓನರ್ ಹತ್ತಿರ ಕೂರುತ್ತದೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ "ಪೇಂಟಿಂಗ್" ಎಂದು ಇನ್ನೊಂದು ತಿಂಗಳದ್ದು ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ, ನೀನು ಎಂಟೇ ತಿಂಗಳಿದ್ದರೂ ಅಷ್ಟೇ. ಅದರ ಮೇಲೆ ಮೇಂಟೆನೆನ್ಸ್, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಗ್ಯಾಸ್, ಹಾಸಿಗೆ, ಬಕೆಟ್ಟು. ಗೆಳತಿ ನಡುವೆ ಕೆಲಸ ಬದಲಿಸಿ ಹೊರಟರೆ ಪೂರ್ತಿ 26,000 ನಿನ್ನ ಮೇಲೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಅದರ ಬದಲು ಮೊದಲ ವರ್ಷ ಪಿಜಿಯಲ್ಲಿರು. ಊಟ ಸೇರಿ ಇಬ್ಬರ ಕೋಣೆಗೆ 10,000 ಎಂದು ಹಿಡಿ. ಅಡ್ವಾನ್ಸ್ ಎಷ್ಟು ವಾಪಸ್ಸು ಕೊಡುತ್ತಾರೆ, ನೋಟಿಸ್ ಎಷ್ಟು ದಿನ ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೋ. ಆಗ ಕೈಯಲ್ಲಿ 13,800 ಇರುತ್ತದೆ. 7,800ರಲ್ಲಿ ಉಳಿದ ಖರ್ಚು ತೂಗಿಸಿದರೆ 6,000 ಮಿಗುತ್ತದೆ. ಓಡಾಟಕ್ಕೆ ಶಕ್ತಿ ಯೋಜನೆಯಿದೆ, ನಾಚಿಕೆ ಬೇಡ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸೊನ್ನೆ ಟಿಕೆಟ್. ಊರಿಗೆ ಬರುವಾಗಲೂ ಕೆಂಪು ಬಸ್ಸು ಹತ್ತು, ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿದ ಮೇಲೆ ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೆ ಹೋಯಿತು, ದಿನಾ ಹೋಗಿಬಂದರೆ ತಿಂಗಳಿಗೆ ಎಷ್ಟಾಯಿತೆಂದು ಗುಣಿಸಿ ನೋಡು.

ಆ 6,000 ಮೊದಲು ಎಲ್ಲಿಗೆ? ಷೇರಿಗಲ್ಲ, ಚಿನ್ನಕ್ಕಲ್ಲ, ನಮಗೆ ಕಳಿಸುವುದಕ್ಕೂ ಅಲ್ಲ. ಕೆಲಸ ಹೋದರೂ ತಪ್ಪದ ನಿನ್ನ ಖರ್ಚು ಕಂತು, ಪಿಜಿ, ಸಣ್ಣಪುಟ್ಟದ್ದು ಸೇರಿ 28,000. ಮೂರು ತಿಂಗಳಿಗೆ 84,000. ಹದಿನಾಲ್ಕು ತಿಂಗಳು ಬೇಕು. ಬೇರೆ ಬ್ಯಾಂಕಿನಲ್ಲಿ ಆರ್‌ಡಿ ಮಾಡು, ಅದೇ ಫೋನಿನ ಯುಪಿಐಗೆ ಆ ಖಾತೆ ಜೋಡಿಸಬೇಡ. ಹದಿನಾಲ್ಕು ತಿಂಗಳಲ್ಲಿ ಫೇಸ್‌ಬುಕ್ಕಿನಲ್ಲಿ ಎಷ್ಟು ಜನ ಗೋವಾಕ್ಕೆ ಹೋಗಿಬರುತ್ತಾರೋ! ಹೋಗಲಿ ಬಿಡು. ಅದರಲ್ಲಿ ಎಷ್ಟು ಕ್ರೆಡಿಟ್ ಕಾರ್ಡಿನ ಸಾಲದ ಮೇಲಿದೆಯೋ ನಮಗೇನು ಗೊತ್ತು.

ಕಾರ್ಡಿನ ಲೆಕ್ಕ ಒಂದೇ ಒಂದು ಹೇಳಿ ಮುಗಿಸುತ್ತೇನೆ. 40,000 ಬಾಕಿ ಇದೆ ಎನ್ನು. ಕನಿಷ್ಠ ಕಟ್ಟಲೇಬೇಕಾದ 'ಮಿನಿಮಮ್ ಡ್ಯೂ' ಶೇ 5, ಅಂದರೆ 2,000. ತಿಂಗಳಿಗೆ ಶೇ 3.5ರ ಬಡ್ಡಿ 1,400, ಅದರ ಮೇಲೆ ಶೇ 18 ಜಿಎಸ್‌ಟಿ 252. ನೀನು ಕಟ್ಟಿದ ಎರಡು ಸಾವಿರದಲ್ಲಿ ಸಾಲ ಕರಗಿದ್ದು 348 ರೂಪಾಯಿ. ಪೂರ್ತಿ ಕಟ್ಟದ ತಿಂಗಳಿನಿಂದ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ.

ಮೂವತ್ತಕ್ಕೆ ಸ್ವಂತ ಮನೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೀಯಲ್ಲ, ಅದನ್ನೂ ಒಮ್ಮೆ ಗುಣಿಸಿ ನೋಡು. 60 ಲಕ್ಷದ ಫ್ಲ್ಯಾಟಿಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡುತ್ತದೆ, 48 ಲಕ್ಷ. ಕೈಯಿಂದ 12 ಲಕ್ಷ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಅದೂ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ನಗರದಲ್ಲಿ ಶೇ 7.6, ಅಂದರೆ 4,56,000. ಇದಕ್ಕೆ ಸಾಲ ಸಿಗುವುದಿಲ್ಲ. ಸಾಲದ ಕಂತು ಶೇ 8.5ರಲ್ಲಿ ಇಪ್ಪತ್ತು ವರ್ಷಕ್ಕೆ 41,650, ನಿನ್ನ ಈಗಿನ ಪೂರ್ತಿ ಸಂಬಳಕ್ಕಿಂತ ಹೆಚ್ಚು. ವರ್ಷಕ್ಕೆ ಶೇ 8 ಇನ್‌ಕ್ರಿಮೆಂಟ್ ಸಿಕ್ಕರೂ ಕೈಗೆ ಹೆಚ್ಚು ಬರುವುದು 2,970ರಷ್ಟು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಡೈರಿಯ ಆ ಸಾಲನ್ನು ಹೊಡೆದುಹಾಕು ಎನ್ನುತ್ತಿಲ್ಲ. ಇಸವಿಯನ್ನು ಪೆನ್ಸಿಲ್ಲಿನಲ್ಲಿ ಬರೆ. ಮೂವತ್ತಕ್ಕೆ ಆಗದಿದ್ದರೆ ಅದು ನಿನ್ನ ಸೋಲಲ್ಲ, ಭಾಗಾಕಾರ.

ಕಂಪನಿಯ ವಿಮೆ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ಆ 84,000 ತುಂಬಿದ ಮೇಲೆ ನಿನ್ನದೇ ಒಂದು ಆರೋಗ್ಯ ವಿಮೆ ಮಾಡಿಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಈ ವಯಸ್ಸಿಗೆ ಪ್ರೀಮಿಯಂ ಕೂಡ ಕಡಿಮೆ.

ಬಾಡಿಗೆ ಕರಾರಿಗೆ ಭಾನುವಾರ ಸಹಿ ಹಾಕುತ್ತೇವೆ ಎಂದಿದ್ದೆ. ಬೇಡ, ತಡಿ. ಆ ಮನೆಯೇ ಬೇಕೆಂದರೆ ಕರಾರು ಹನ್ನೊಂದು ತಿಂಗಳಿನದ್ದೇ ಇರಬೇಕು, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಪೇಂಟಿಂಗ್, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು), ಅಡ್ವಾನ್ಸ್ ವಾಪಸ್ಸಿನ ಸಾಲುಗಳಿರುವ ಪುಟದ ಫೋಟೋ ತೆಗೆದು ಇವತ್ತೇ ಕಳಿಸು. ಅಪ್ಪನೂ ನಾನೂ ಓದಿ ಫೋನು ಮಾಡುತ್ತೇವೆ.

ಅಮ್ಮ